ಮಲಕಪ್ಪ ಊದಿದ ಮೈಕು

ದಾಂಡೇಲಿಯಲ್ಲಿ ಆ ಕಾಲಕ್ಕೆ ಎಲ್ಲಕ್ಕಿಂತ ದೊಡ್ಡ ದನಿ ಕಾಗದ ಕಾರ್ಖಾನೆಯ ಭೋಂಗಾದ್ದು. ಎರಡನೆಯದು ಮಲಕಪ್ಪನದು. ಭೋಂಗಾಕ್ಕೆ ಉಗಿಯ ಬಲವಿತ್ತು. ಮಲಕಪ್ಪನಿಗೆ ಒಂದು ಹರಳಿನ ಮೈಕು, ಒಂದು ಹಳೆಯ ಆಂಪ್ಲಿಫೈಯರು ಮತ್ತು ಕುಂಬಳದ ಹೂವಿನ ಹಾಗೆ ಬಾಯಿ ತೆರೆದ ಒಂದು ತಗಡಿನ ಕೊಂಬು ಇದ್ದವು. ಮದುವೆಯಿರಲಿ, ಚುನಾವಣೆಯಿರಲಿ, ಯಾರದಾದರೂ ಎಮ್ಮೆ ಕಳೆದಿರಲಿ, ಸುದ್ದಿ ಆ ಕೊಂಬಿನಿಂದ ಹೊರಟರೇ ಸುದ್ದಿ. ಕೊಂಬನ್ನು ಚಕ್ಕಡಿಗೆ ಕಟ್ಟಿಕೊಂಡು ಹಳಿಯಾಳದ ರಸ್ತೆ ಹಿಡಿದು ಅವನು ಮೈಕಿಗೆ ಎರಡು ಸಲ "ಫೂ, ಫೂ" ಎಂದು ಊದಿ, "ಹಲೋ" ಎಂದನೆಂದರೆ ನಾಯಿಗಳೆಲ್ಲ ಸಾಲುಗಟ್ಟಿ ನಿಂತು ಉತ್ತರ ಕೊಡುತ್ತಿದ್ದವು.

ಇಂಥ ದನಿಯ ಒಡೆಯನಾದ ಮಲಕಪ್ಪ ಅಂಜದ ವಸ್ತು ಮಾತ್ರ ಈ ಭೂಮಿಯ ಮೇಲೆ ಒಂದೂ ಇರಲಿಲ್ಲ.

ಮುಂಡಗೋಡ ಕಡೆಯ ಬಯಲಿನಿಂದ ೧೯೫೮ರಲ್ಲಿ ಕಾರ್ಖಾನೆಯ ಕೆಲಸಕ್ಕೆ ಬಂದವನು ಅವನು. ಬಂದ ದಿನ ಕಾಡು ನೋಡಿ ಅಂಜಿದ, ಮರುದಿನ ಕಾಳಿ ಹೊಳೆ ನೋಡಿ ಅಂಜಿದ. ಬಿದಿರನ್ನು ಚೂರು ಮಾಡುವ ಯಂತ್ರದ ಬಳಿ ನಿಲ್ಲಿಸಿದಾಗ ಸಂಜೆ ಮನೆಗೆ ಬಂದು ತನ್ನ ಬೆರಳುಗಳನ್ನು ಹೆಂಡತಿಯ ಕಡೆಯಿಂದ ಎಣಿಸಿಕೊಂಡ. ತನ್ನ ಎಣಿಕೆಯ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಕರೆಂಟಿಗಂತೂ ಹಾವಿಗೆ ಅಂಜಿದ ಹಾಗೆ ಅಂಜುತ್ತಿದ್ದ. ಆಂಪ್ಲಿಫೈಯರಿನ ಗುಂಡಿ ಮುಟ್ಟುವ ಮೊದಲು ನೆಲಕ್ಕೊಂದು ಹಲಗೆ, ಹಲಗೆಯ ಮೇಲೊಂದು ಗೋಣಿಚೀಲ, ಚೀಲದ ಮೇಲೆ ರಬ್ಬರ್ ಚಪ್ಪಲಿ ಹಾಕಿದ ತಾನು. ಹೀಗೆ ಸಿಂಹಾಸನವೇರಿ ನಿಂತ ಮೇಲೆಯೇ ಗುಂಡಿ ತಿರುಗುತ್ತಿತ್ತು.

ಹಾಗಾದರೆ ಈ ಧಂದೆಗೆ ಏಕೆ ಬಿದ್ದ? ಕಾರಣ ಇಷ್ಟೇ. ಮಂದಿಯ ಮುಖ ನೋಡಿ ಮಾತಾಡಲು ಅವನಿಗೆ ಎಲ್ಲಕ್ಕಿಂತ ಹೆಚ್ಚು ಅಂಜಿಕೆ. ಮೈಕಿನಲ್ಲಿ ಮಾತು ಮುಂದೆ ಹೋಗುತ್ತದೆ, ಮಾತಾಡಿದವನು ಚಕ್ಕಡಿಯ ಹಿಂದೆ ಹುಲ್ಲಿನ ಮರೆಗೆ ಕೂತಿರುತ್ತಾನೆ.

ಇಂಥವನ ಮೇಲೆ ೧೯೬೪ರ ದೀಪಾವಳಿ ಕಳೆದ ಒಂದು ಶನಿವಾರ ಮಹಾಯುದ್ಧವೊಂದು ಬಂದು ಬಿತ್ತು.

ಯುದ್ಧ ತಂದವಳು ಅವನ ದೊಡ್ಡವ್ವ ಮುದಕವ್ವ. ತಾಯಿ ಸತ್ತ ಮೇಲೆ ಅವನನ್ನು ಮುಂಡಗೋಡ ಕಡೆಯ ಚಿಗಳ್ಳಿಗೆ ಕರೆದೊಯ್ದು ಸಾಕಿದವಳು. ಸೊಸೆ ತಾಯವ್ವನ ಕೈ ಹಿಡಿದು ಬಸ್ಸಿಳಿದು ಬಂದವಳೇ ಪಡಸಾಲೆಯಲ್ಲಿ ಕೂತು, ಕುತ್ತಿಗೆಯ ಸೆರಗು ಸರಿಸಿ ತೋರಿಸಿದಳು.

"ಗಂಟಲಾಗ ಗಂಟು ಬೆಳದೈತಂತ ತಮ್ಮಾ. ಸೋಮವಾರ ಹುಬ್ಬಳ್ಳ್ಯಾಗ ಕೊಯ್ತಾರ. ಜೀವಕ್ಕೇನೂ ಇಲ್ಲ ಅಂದಾರ. ದನಿ ಮಾತ್ರ ಉಳದರ ಉಳೀತು, ಹೋದರ ಹೋತು ಅಂದಾರ."

ಮಲಕಪ್ಪ ತನ್ನ ಗಂಟಲನ್ನೂ ಒಮ್ಮೆ ಮುಟ್ಟಿ ನೋಡಿಕೊಂಡ.

"ದನಿ ಹೋದರ ನನಗೇನು ಹಾನಿಲ್ಲ, ಬೈಯೂದು ಕೈಲೇ ಬೈತೀನಿ," ಎಂದಳು ಮುದಕವ್ವ. "ಆದರ ಅರಿಷಿಣದ ಪದ ಹೋಗಬಾರದು."

ಅರಿಷಿಣದ ಪದವೆಂದರೆ ಅವರ ಮನೆತನದ್ದು. ಆ ಮನೆಯಲ್ಲಿ ಮದುವೆಯಾದರೆ ಅರಿಷಿಣವನ್ನು ಬೀಸುಕಲ್ಲಿನಲ್ಲಿ ಬೀಸುತ್ತ ಹಿರಿಯಳೊಬ್ಬಳು ನಲವತ್ತೊಂದು ನುಡಿಗಳ ಪದ ಹಾಡಬೇಕು. ಪದ ಮುಗಿಯುವ ತನಕ ಕಲ್ಲು ನಿಲ್ಲಬಾರದು. ನಿಂತರೆ ಆ ಅರಿಷಿಣ ಮದುಮಗಳಿಗೆ ನಡೆಯುವುದಿಲ್ಲ. ನಲವತ್ತೊಂದೂ ನುಡಿ ಬರುತ್ತಿದ್ದುದು ಮುದಕವ್ವನೊಬ್ಬಳಿಗೇ. ತಾಯವ್ವ ಹನ್ನೆರಡರ ತನಕ ಕಲಿತು ಹದಿಮೂರನೆಯದಕ್ಕೆ ಬಂದಾಗಲೆಲ್ಲ ಮೂರನೆಯದಕ್ಕೆ ಹೊರಳುತ್ತಿದ್ದಳು. ಬರುವ ಮಾಘದಲ್ಲಿ ಮೊಮ್ಮಗಳು ಶಂಕ್ರವ್ವನ ಮದುವೆ ನಿಶ್ಚಯವಾಗಿತ್ತು.

"ನಿಮ್ಮ ಕಾರ್ಖಾನಿ ಸಾಹೇಬರ ಕ್ಲಬ್ಬಿನಾಗ ಹಾಡು ಹಿಡಿಯೂ ಪೆಟಿಗಿ ಐತಂತ. ನಾಳೆ ನನ್ನ ಪದ ಅದರಾಗ ಹಿಡಿ," ಎಂದು ಮುದಕವ್ವ ಅಪ್ಪಣೆ ಮಾಡಿದಳು.

"ಬರೇ ಬಾಯಿಲೆ ಹಾಡ್ತೀಯೇನು?"

"ಹುಚ್ಚಪ್ಪ. ಕಲ್ಲಿನ ಗೂಟ ಕೈಯಾಗ ಇಲ್ದ ನನಗ ಒಂದು ನುಡೀನೂ ನೆನಪಾಗೂದಿಲ್ಲ. ಬೀಸುಕಲ್ಲು ತಾ, ಅರಿಷಿಣ ತಾ."

ಟೇಪ್ ರೆಕಾರ್ಡರು ಇದ್ದದ್ದು ನಿಜ. ಕಾಗದದ ಯಂತ್ರ ಕೂಡಿಸಲು ಬಂದಿದ್ದ ಜರ್ಮನ್ ಎಂಜಿನಿಯರೊಬ್ಬ ಊರಿಗೆ ಹೋಗುವಾಗ ಅದನ್ನೂ ಒಂದು ಮೈಕನ್ನೂ ಕ್ಲಬ್ಬಿಗೆ ಬಿಟ್ಟು ಹೋಗಿದ್ದ. ಅವುಗಳ ಕಾವಲಿಗೆ ಕ್ಲಬ್ಬಿನ ಸೆಕ್ರೆಟರಿ ಚನಬಸಪ್ಪನಿದ್ದ. ಹುಲಿಯನ್ನಾದರೂ ಮಾತಾಡಿಸಬಹುದು, ಚನಬಸಪ್ಪನನ್ನು ಮಾತಾಡಿಸುವುದು ಕಷ್ಟ ಎಂದು ಮಲಕಪ್ಪನ ಅಭಿಪ್ರಾಯ. ಆದರೆ ಸೋಮವಾರ ಯಾರಿಗೂ ನಿಲ್ಲುವಂತಿರಲಿಲ್ಲ. ಹೋಗಿ, ಬಾಗಿಲ ಬಳಿ ನಿಂತು, ವಿಷಯವನ್ನೆಲ್ಲ ಬಾಗಿಲ ಚೌಕಟ್ಟಿಗೆ ಹೇಳಿ ಮುಗಿಸಿದ.

ಚನಬಸಪ್ಪ ಎದ್ದು, ಮಖಮಲ್ಲಿನ ಪೆಟ್ಟಿಗೆಯೊಂದನ್ನು ತೆರೆದ. ಒಳಗೆ ಮಾವಿನ ಓಟೆಯಷ್ಟು ದೊಡ್ಡ ಮೈಕು. ಅದರ ಕುತ್ತಿಗೆಗೆ ಒಂದು ಚೀಟಿ ಕಟ್ಟಿತ್ತು: "ಊದಬಾರದು." ಬರೆದವನು ಚನಬಸಪ್ಪನೇ.

"ಇದು ನಿನ್ನ ಡಬ್ಬಿಯಂಥಾದ್ದಲ್ಲ ಮಲಕಪ್ಪ. ಒಳಗ ಬೆಳ್ಳಿ ವರಖಿನಂಥಾ ಒಂದು ಪಟ್ಟಿ ಜೋತಾಡ್ತೈತಿ. ಮಾತಾಡಿದರ ನಡುಗತೈತಿ, ಹಾಡಿದರ ನಡುಗತೈತಿ. ಊದಿದರ ಹರೀತೈತಿ. ಹರದರ ಜರ್ಮನಿಗೇ ಹೋಗಬೇಕು. ತಿಳೀತಿಲ್ಲೊ?"

"ತಿಳೀತ್ರಿ."

"ಮಂಗಳವಾರ ಮುಂಜಾನಿ ಇಲ್ಲಿರಬೇಕು."

ಮಲಕಪ್ಪ ರೆಕಾರ್ಡರನ್ನು ಸೈಕಲ್ಲಿಗೆ ಕಟ್ಟಿ, ಮೈಕಿನ ಪೆಟ್ಟಿಗೆಯನ್ನು ಅದರ ಮೇಲೆ ಇಡಲು ಅಂಜಿ, ಒಂದು ಕೈಯಿಂದ ಎದೆಗೆ ಅಪ್ಪಿಕೊಂಡು ಉಸಿರು ಬಿಗಿಹಿಡಿದು ಮನೆಯ ತನಕ ನಡೆದ. ತನ್ನ ಉಸಿರು ತಗುಲಿದರೂ ಪಟ್ಟಿ ಹರಿದೀತು ಎಂಬುದು ಅವನ ಚಿಂತೆ.

ಈಗ ಸ್ವಯಂವರ ಶುರುವಾಯಿತು. ಮೈಕು ಎಷ್ಟು ಒಳ್ಳೆಯದಿದ್ದರೇನು, ಅದಾಡುವುದು ಪಿಸುಮಾತು. ಆ ಪಿಸುಮಾತನ್ನು ಮೊದಲು ಕೈಗೆತ್ತಿಕೊಂಡು, ಬೆಳೆಸಿ ಮುಂದೆ ಕಳಿಸುವ ಒಂದು ಭಾಗ ಇರುತ್ತದೆ, ಪ್ರಿ-ಆಂಪ್ ಎನ್ನುತ್ತಾರೆ. ಎರಡಕ್ಕೂ ಗುಣ ಕೂಡಬೇಕು. ಮಲಕಪ್ಪನ ಹತ್ತಿರ ಈಗ ಎರಡು ಮೈಕು ಇದ್ದವು: ತನ್ನ ಹರಳಿನದು, ಜರ್ಮನ್ನನ ಪಟ್ಟಿಯದು. ಪ್ರಿ-ಆಂಪುಗಳೂ ಎರಡು: ರೆಕಾರ್ಡರಿನ ಹೊಟ್ಟೆಯೊಳಗಿನದು, ತನ್ನ ಹಳೆಯ ಆಂಪ್ಲಿಫೈಯರಿನ ಮುಂದಿನ ಗಾಜಿನ ಬುರುಡೆಯ, ಅಂದರೆ ವಾಲ್ವಿನದು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹೆಂಡತಿ ಕೆಂಚವ್ವನನ್ನು ಮೈಕಿನ ಮುಂದೆ ಕೂಡಿಸಿದ.

"ಏನರ ಮಾತಾಡು."

"ಏನಂತ ಮಾತಾಡ್ಲಿ? ನೀವು ಅಂಜೂದು ನೋಡಿ ನನಗ ನಗಿ ಬರಾಕತ್ತೈತಿ."

ಹರಳಿನ ಮೈಕನ್ನು ರೆಕಾರ್ಡರಿಗೆ ಕೊಟ್ಟರೆ ಕೆಂಚವ್ವ ಡಬ್ಬಿಯಲ್ಲಿ ಸಿಕ್ಕ ಸೊಳ್ಳೆಯಾದಳು. ಹರಳಿನ ಮೈಕಿಗೆ ಎದುರಿನಲ್ಲಿ ಕರೆಂಟಿಗೆ ದೊಡ್ಡ ತಡೆ ಇರಬೇಕು. ಇಲ್ಲವಾದರೆ ಅದರ ದಪ್ಪ ದನಿಯೆಲ್ಲ ಸೋರಿ ಹೋಗಿ ಸಿಪ್ಪೆ ಮಾತ್ರ ಉಳಿಯುತ್ತದೆ. ಪಟ್ಟಿಯ ಮೈಕನ್ನು ರೆಕಾರ್ಡರಿಗೆ ಕೊಟ್ಟರೆ ಅವಳ ಮೇಲೆ ಧೋ ಎಂದು ಮಳೆ. ಅದನ್ನೇ ಆಂಪ್ಲಿಫೈಯರಿಗೆ ಕೊಟ್ಟರೆ ಗುಂಯ್ ಎಂಬ ಒಂದು ಹಾಳು ಬಾವಿ, ಬಾವಿಯ ತಳದಲ್ಲಿ ಕೆಂಚವ್ವ. ನಾಲ್ಕನೆಯ ಜೋಡಿ, ತನ್ನ ಹರಳಿನ ಮೈಕು ತನ್ನದೇ ಆಂಪ್ಲಿಫೈಯರು, ಅವನು ನೋಡಲೇ ಇಲ್ಲ. ಐದು ವರ್ಷ ಅದರ ಕಿರಿಚಾಟ ಕೇಳಿ ಅವನ ಕಿವಿಯೇ ಸವೆದಿತ್ತು.

ಆಗ ಮಖಮಲ್ಲಿನ ಪೆಟ್ಟಿಗೆಯ ಮೂಲೆಯಲ್ಲಿ ಗುಂಡಗಿನ ಖಾಲಿ ಗೂಡೊಂದು ಅವನಿಗೆ ಕಂಡಿತು. ಅಲ್ಲಿ ಏನೋ ಇರಬೇಕಾಗಿತ್ತು. ಅದೇ ಗಾತ್ರದ, ಉಕ್ಕಿನ ಹೊಳಪಿನ, ಬಾಲವಿದ್ದ ವಸ್ತುವನ್ನು ತಾನು ಇವತ್ತೇ ಎಲ್ಲೋ ನೋಡಿದ್ದೆ ಎನ್ನಿಸಿ, ಎಲ್ಲಿ ಎಂಬುದು ಹೊಳೆದ ಕೂಡಲೇ ಪೆಟ್ಟಿಗೆಯನ್ನು ಮೆಲ್ಲಗೆ ಮುಚ್ಚಿದ. ಅದು ಚನಬಸಪ್ಪನ ಮೇಜಿನ ಮೇಲೆ ಕಾಗದ ಹಾರದ ಹಾಗೆ ತೂಕಕ್ಕೆ ಇಟ್ಟದ್ದಾಗಿತ್ತು. ಅದೇ ಪಟ್ಟಿ ಮೈಕಿನ ಟ್ರಾನ್ಸ್‌ಫಾರ್ಮರು, ಪಿಸುಮಾತನ್ನು ಎತ್ತಿ ವಾಲ್ವಿಗೆ ತಕ್ಕ ಹಾಗೆ ಮಾಡಿ ಕೊಡುವ ದಲ್ಲಾಳಿ.

ರವಿವಾರ ಮುಂಜಾನೆ ಹೊಳೆಯಿಂದ ನುಣ್ಣನೆಯ ಕಲ್ಲೊಂದನ್ನು ಆರಿಸಿ, ತೊಳೆದು, ವಸ್ತ್ರದಲ್ಲಿ ಸುತ್ತಿಕೊಂಡು ಕ್ಲಬ್ಬಿಗೆ ಹೋದ.

"ಕಾಗದದ ಮ್ಯಾಲೆ ಇಡಾಕ ಇದನ್ನ ತಂದೀನ್ರಿ. ಅದನ್ನ ಕೊಡ್ರಿ. ಅದು ಮೈಕಿನ ಸಾಮಾನ್ರಿ."

ಚನಬಸಪ್ಪ ಉಕ್ಕಿನ ಗುಂಡನ್ನು ತಿರುಗಿಸಿ ನೋಡಿದ. ಆರು ವರ್ಷ ಅದರ ಬಾಲವನ್ನು ಕಿವಿ ತುರಿಸಲು ಬಳಸಿದ್ದ. "ಇದಕ್ಕ ಬಾಲ ಯಾಕ ಐತಿ ಅಂತ ನನಗೂ ಅನಸ್ತಿತ್ತು," ಎಂದು ಕೊಟ್ಟ.

ಟ್ರಾನ್ಸ್‌ಫಾರ್ಮರು ನಡುವೆ ಬಂದದ್ದೇ ತಡ, ಪಟ್ಟಿಯ ಮೈಕೂ ಆಂಪ್ಲಿಫೈಯರೂ ಹಾಲು ಬೆಲ್ಲದ ಹಾಗೆ ಕೂಡಿಕೊಂಡವು. ಆಂಪ್ಲಿಫೈಯರಿನಿಂದ ತಂತಿ ರೆಕಾರ್ಡರಿಗೆ ಹೋಯಿತು. ಹೆಡ್‌ಫೋನಿನಲ್ಲಿ ಕೆಂಚವ್ವ ನುಂಗಿದ ಉಗುಳು ಸಹ ದುಂಡಗೆ ಕೇಳಿತು. ಇನ್ನೊಂದು ವಿಚಿತ್ರವೂ ತಿಳಿಯಿತು. ಆ ಮೈಕಿಗೆ ಎದುರು ಕೇಳುತ್ತದೆ, ಬೆನ್ನು ಕೇಳುತ್ತದೆ, ಮಗ್ಗುಲು ಕಿವುಡು. ಬೀಸುಕಲ್ಲನ್ನು ಮಗ್ಗುಲಿಗಿಟ್ಟು, ದೊಡ್ಡವ್ವನ ಬಾಯಿ ಎದುರಿಗೆ ಬರುವ ಹಾಗೆ ಕೂಡಿಸಿದರೆ ಕಲ್ಲಿನ ಗರಗರ ದೂರ ಸರಿದು ಪದ ಮುಂದೆ ಬರುತ್ತಿತ್ತು. ಮಲಕಪ್ಪನಿಗೆ ಒಂದು ಗಳಿಗೆ ತಾನು ಬುದ್ಧಿವಂತನೆಂಬ ಅನುಮಾನವೇ ಬಂತು. ಅದಕ್ಕೂ ಅಂಜಿದ.

ಇನ್ನುಳಿದದ್ದು ಮೈಕನ್ನು ಉಸಿರಿನಿಂದ ಕಾಯುವ ಕೆಲಸ. ಈ ಸೀಮೆಯಲ್ಲಿ ಮೈಕು ಕಂಡು ಊದದೆ ಹೋದ ಮನುಷ್ಯ ಹುಟ್ಟಿರಲಿಲ್ಲ. ಊದುವುದೇ ಮೈಕಿಗೆ ಮಾಡುವ ನಮಸ್ಕಾರ. ಪಕ್ಕದ ಕ್ವಾರ್ಟರ್ಸಿನ ಗೂಳಪ್ಪ ಬೀಡಿ ಸೇದುತ್ತ ಒಳಗೆ ಬಂದವನೇ ತುಟಿ ಮುಂದೆ ಮಾಡಿದ. ಮಲಕಪ್ಪ ಜಿಗಿದು ಅಂಗೈ ಅಡ್ಡ ಹಿಡಿದ. ಉಳ್ಳಾಗಡ್ಡಿ ವಾಸನೆಯ ಬಿರುಗಾಳಿ ಅಂಗೈಗೆ ಬಡಿದು ಅಲ್ಲಿಯೇ ಸತ್ತಿತು.

"ಯಾಕೋ ಮಾರಾಯ, ನಿನ್ನ ಮೈಕಿಗೆ ಮೈಲಿಗಿ ಆಕ್ಕೈತೇನು?"

"ಗೂಳಪ್ಪಣ್ಣಾ, ಕೈ ಮುಗೀತೀನಿ, ಆ ಕಡೆ ತಿರುಗಿ ಉಸಿರಾಡು."

ತಾಯವ್ವನಿಗೆ ಸೀನು ಬಂದಾಗ ಅಂಗಳಕ್ಕೆ ಅಟ್ಟಿದ. ಕಡೆಗೆ ಮಗಳ ಹಳೆಯ ಕುಂಚಿಗೆ ಹುಡುಕಿ ಮೈಕಿನ ತಲೆಗೆ ತೊಡಿಸಿ ಗದ್ದದ ಕೆಳಗೆ ಲಾಡಿ ಕಟ್ಟಿದ. ತೊಟ್ಟಿಲ ಕೂಸಿನಂತೆ ಕೂತ ಅದರ ಮುಂದೆ ಕೋಲು ಹಿಡಿದು ಮಧ್ಯಾಹ್ನದ ತನಕ ಕಾವಲು ಕೂತ.

ಎರಡು ಗಂಟೆಯ ಭೋಂಗಾ ಕೂಗಿ ಮುಗಿಯಿತು. ಐದಕ್ಕೆ ಹುಬ್ಬಳ್ಳಿಯ ಬಸ್ಸು. ಬಾಗಿಲು ಹಾಕಿದರು. ಬೀಸುಕಲ್ಲಿನ ಈಚೆ ಮುದಕವ್ವ. ಅವಳ ಹಿಂದೆ ತಾಯವ್ವ. ಮೂಲೆಯಲ್ಲಿ ಕೆಂಚವ್ವ ಬುಟ್ಟಿ ಮಾಡಲೆಂದು ಹಳೆಯ ಕಾಗದವನ್ನು ಮೆಂತ್ಯದ ಜೊತೆ ನೆನೆಹಾಕಿ ರುಬ್ಬಿಟ್ಟ ಬೋಗುಣಿಯ ಪಕ್ಕ ಕೂತಿದ್ದಳು. ಕಾಗದದೂರಿನಲ್ಲಿ ಯಾರ ಮನೆಯಲ್ಲಿಯೂ ಅಂಥದೊಂದು ಬೋಗುಣಿ ಇದ್ದೇ ಇರುತ್ತಿತ್ತು. ಇದ್ದ ಟೇಪು ಅರ್ಧ ತಾಸಿನದು. ಪದ ಅಷ್ಟೇ ಉದ್ದ.

"ಕಲ್ಲು ತಿರುವಿದ ಮ್ಯಾಲೆ ನಾ ನಿಲ್ಲಾಕಿ ಅಲ್ಲ ನೋಡು," ಎಂದಳು ಮುದಕವ್ವ.

"ಹೂಂ ದೊಡ್ಡವ್ವಾ."

ಮಲಕಪ್ಪ ಗೋಣಿಚೀಲದ ಮೇಲೆ ನಿಂತ. ಕುಂಚಿಗೆಯ ಲಾಡಿ ಬಿಚ್ಚಿದ. ರೆಕಾರ್ಡರಿನ ಎರಡು ಗುಂಡಿ ಒತ್ತಿದ. ಚಕ್ರಗಳು ತಿರುಗತೊಡಗಿದವು. ತಲೆಯೊಳಗೆ ಒಂದು ವಿಚಾರವೂ ಇರಲಿಲ್ಲ. ತಲೆ ಖಾಲಿಯಾದಾಗ ಮೈ ತನಗೆ ರೂಢಿಯಾದದ್ದನ್ನು ಮಾಡುತ್ತದೆ. ಮಲಕಪ್ಪ ಮೈಕಿನ ಕಡೆ ಬಾಗಿದ, ಐದು ವರ್ಷದ ಧಂದೆಯವನ ಠೀವಿಯಿಂದ ತುಟಿ ಮುಂದೆ ಮಾಡಿದ.

"ಫೂ."

ಹೆಡ್‌ಫೋನಿನಲ್ಲಿ ಟಪ್ ಎಂದಿತು. ಆಮೇಲೆ ಏನೂ ಇಲ್ಲ.

ಆ ನಿಶ್ಶಬ್ದದಲ್ಲಿ ಮಲಕಪ್ಪನಿಗೆ ಚನಬಸಪ್ಪ ಕಂಡ, ಜರ್ಮನಿ ಕಂಡಿತು, ಪೊಲೀಸರು ಕಂಡರು. ಅಷ್ಟರಲ್ಲಿ ಮುದಕವ್ವ, ಫೂ ಎಂದದ್ದೇ ಶುರುಮಾಡು ಎಂಬ ಸನ್ನೆಯೆಂದು ತಿಳಿದು, ಗೂಟ ಹಿಡಿದು ಕಲ್ಲು ತಿರುವಿಯೇ ಬಿಟ್ಟಳು. ಪದ ಹೊರಟಿತು. ಬಾಯಿ ತೆರೆಯುವುದು ಕಾಣುತ್ತಿದೆ, ಹೆಡ್‌ಫೋನು ಸತ್ತಿದೆ, ಚಕ್ರ ತಿರುಗುತ್ತಿದೆ. ಇನ್ನು ನಿಲ್ಲಿಸುವಂತಿಲ್ಲ.

ಮಲಕಪ್ಪನ ಕೈಗಳು ತಾವೇ ಎದ್ದವು. ಪಟ್ಟಿಯ ಮೈಕಿನ ತಂತಿ ಕಿತ್ತವು, ಮೂಲೆಯ ಚೀಲದಿಂದ ಹರಳಿನ ಮೈಕನ್ನು ಎಳೆದವು, ಟ್ರಾನ್ಸ್‌ಫಾರ್ಮರು ಬಿಟ್ಟು ನೇರವಾಗಿ ಆಂಪ್ಲಿಫೈಯರಿಗೆ ಸಿಕ್ಕಿಸಿದವು. ಸೊಳ್ಳೆಯಾದರೂ ಸೈ, ಪದ ಸಿಕ್ಕರೆ ಸಾಕು ಎಂದು ಕಣ್ಣು ಮುಚ್ಚಿಕೊಂಡ.

ಕಿವಿಯೊಳಗೆ ದೊಡ್ಡವ್ವ ಬಂದಳು. ಸೊಳ್ಳೆಯಲ್ಲ. ಅಡ್ಡಗೋಡೆಯಷ್ಟು ದಪ್ಪ ದನಿ, ಅವನಿಗೆ ಜ್ವರ ಬಂದಾಗ ತಲೆಯ ಮೇಲೆ ಕೈಯಿಟ್ಟು ಬೈಯುತ್ತಿದ್ದ ಅದೇ ದನಿ. ಹರಳಿನ ಮೈಕಿಗೆ ಬೇಕಾದ ದೊಡ್ಡ ತಡೆ ಅವನ ಹಳೆಯ ಆಂಪ್ಲಿಫೈಯರಿನಲ್ಲಿಯೇ ಇತ್ತು. ಐದು ವರ್ಷ ಕಿರಿಚಿದ್ದು ಮೈಕಲ್ಲ, ಆಂಪ್ಲಿಫೈಯರಲ್ಲ, ಆ ತಗಡಿನ ಕೊಂಬು. ಕೊಂಬಿಲ್ಲದೆ ಆ ಜೋಡಿಯನ್ನು ಅವನು ಒಂದು ದಿನವೂ ಕೇಳಿರಲಿಲ್ಲ. ಹೋದದ್ದು ಮೊದಲ ನುಡಿ ಒಂದೇ. ಅದು ಶಿವನ ಸ್ತುತಿ, ಊರಿಗೆಲ್ಲ ಬರುವಂಥದ್ದು.

ಆದರೆ ಈ ಮೈಕಿಗೆ ಮಗ್ಗುಲು ಕಿವುಡಿಲ್ಲ. ಎಲ್ಲ ಕಡೆಯೂ ಕೇಳುತ್ತದೆ. ದೊಡ್ಡವ್ವನ ಹಿಂದೆಯೇ ಬೀಸುಕಲ್ಲು ಗರಗರ ಗುಡುಗುತ್ತ ಬಂದು ಪದದ ಮೇಲೆ ಕೂತಿತು. ಮಲಕಪ್ಪ ಹೆಂಡತಿಯ ಕಡೆ ತಿರುಗಿ ಕಲ್ಲು ತೋರಿಸಿದ, ಕಿವಿ ತೋರಿಸಿದ, ತನ್ನ ಕುತ್ತಿಗೆಗೆ ಕೈಯಿಂದ ಗೆರೆ ಎಳೆದು ತೋರಿಸಿದ.

ಆರು ವರ್ಷ ಈ ಗಂಡನ ಅಂಜಿಕೆಗಳನ್ನು ಓದಿ ಕೆಂಚವ್ವ ಪಂಡಿತಳಾಗಿದ್ದಳು. ಬೋಗುಣಿಗೆ ಕೈ ಹಾಕಿ, ರುಬ್ಬಿದ ಕಾಗದದ ಒಂದು ಮುದ್ದೆ ತೆಗೆದು, ತಿರುಗುತ್ತಿದ್ದ ಕಲ್ಲಿನ ಬಾಯಿಗೆ ಇಟ್ಟಳು. ಇನ್ನೊಂದು. ಮತ್ತೊಂದು. ಕಲ್ಲಿಗೆ ಗಂಟಲು ಕಟ್ಟಿತು. ಗರಗರ ಹೋಗಿ ಸರಸರವಾಯಿತು, ಸರಸರ ಹೋಗಿ ಹಸು ಮೆಲುಕು ಹಾಕಿದಷ್ಟೇ ಉಳಿಯಿತು. ಪವಿತ್ರ ಅರಿಷಿಣಕ್ಕೆ ಕಾಗದ ಬೆರೆಸಿದ ಕೆಂಚವ್ವನನ್ನು ಮುದಕವ್ವ ಕಣ್ಣಿನಿಂದಲೇ ಸುಟ್ಟಳು. ಆದರೆ ಬಾಯಲ್ಲಿ ಎಂಟನೆಯ ನುಡಿ ಇತ್ತು, ಬೈಯಲು ಜಾಗವಿರಲಿಲ್ಲ. ಕಲ್ಲು ಭಾರವಾಗಿ ಅವಳ ತೋಳು ಸೋತಾಗ ಕೆಂಚವ್ವ ಎದುರು ಕೂತು ಗೂಟಕ್ಕೆ ತನ್ನ ಕೈಯನ್ನೂ ಕೊಟ್ಟಳು. ಇಬ್ಬರೂ ತಿರುವಿದರು. ಮಲಕಪ್ಪ ಚೀಲದ ಮೇಲೆ ಕಲ್ಲಾಗಿ ನಿಂತು, ನುಡಿಗಳನ್ನು ಬೆರಳಿನಲ್ಲಿ ಎಣಿಸುತ್ತ, ಚಕ್ರದಲ್ಲಿ ಟೇಪು ಸವೆಯುವುದನ್ನು ನೋಡುತ್ತ ಬೆವರಿದ. ನಲವತ್ತೊಂದನೆಯದು ಮುಗಿದಾಗ ಚಕ್ರದ ಮೇಲೆ ಬೆರಳಗಲದ ಟೇಪು ಉಳಿದಿತ್ತು.

ಕಲ್ಲು ನಿಂತಿತು. ಮುದಕವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮೊದಲು ಕೆಂಚವ್ವನನ್ನು ಬೈದಳು, ಆಮೇಲೆ ಮಲಕಪ್ಪನನ್ನು. ಅದೇ ಅವಳ ಕಡೆಯ ದೊಡ್ಡ ಬೈಗುಳ. ಸೋಮವಾರದ ಕೊಯ್ತ ಸಸೂತ್ರವಾಯಿತು; ಜೀವ ಉಳಿಯಿತು, ದನಿ ಪಿಸುಮಾತಿಗೆ ಇಳಿಯಿತು.

ಮಂಗಳವಾರ ಮುಂಜಾನೆ ಮಲಕಪ್ಪ ಸತ್ತ ಮೈಕನ್ನೂ ರೆಕಾರ್ಡರನ್ನೂ ಎತ್ತಿಕೊಂಡು ಕ್ಲಬ್ಬಿಗೆ ಹೋದ. ನಿಜ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ. ಬಾಯಿ ತೆರೆಯುವ ಮೊದಲೇ ಚನಬಸಪ್ಪ ಮೈಕು ಕಸಿದುಕೊಂಡು, "ನೋಡೂಣು, ಸರಿ ಐತಿಲ್ಲೊ," ಎಂದು ರೆಕಾರ್ಡರಿಗೆ ಸಿಕ್ಕಿಸಿ, ಹೆಡ್‌ಫೋನು ಹಾಕಿಕೊಂಡು, ತಾನೇ ಬರೆದ ಚೀಟಿ ಮೂಗಿನ ಕೆಳಗೆ ತೂಗುತ್ತಿರುವಾಗಲೇ ಗಟ್ಟಿಯಾಗಿ "ಫೂ" ಎಂದು ಊದಿದ.

ಏನೂ ಕೇಳಲಿಲ್ಲ. ಚೀಟಿಯನ್ನು ನೋಡಿದ. ಮುಖ ಬಿಳಿ ಕಾಗದವಾಯಿತು.

"ಮಲಕಪ್ಪಾ," ಎಂದ, ಇಷ್ಟು ಮೆಲ್ಲಗೆ ಅವನು ಮಾತಾಡಬಲ್ಲನೆಂದು ಯಾರಿಗೂ ಗೊತ್ತಿರಲಿಲ್ಲ. "ನೀ ಏನರ ನೋಡಿದೇನು?"

ಬಾಯಿಪಾಠವೆಲ್ಲ ಹಾರಿಹೋಯಿತು. "ಇಲ್ಲರಿ," ಎಂದ ಮಲಕಪ್ಪ.

ಆ ಒಂದು "ಇಲ್ಲರಿ" ಅವನ ಎದೆಯಲ್ಲಿ ಮೂರು ತಿಂಗಳು ಕಲ್ಲಾಗಿ ಕೂತಿತು. ಏಕೆಂದರೆ ಟೇಪಿನ ಮೊದಲಿಗೇ ಅವನ ಫೂ ಇತ್ತು, ಅದರ ಬೆನ್ನಿಗೆ ಟಪ್ ಇತ್ತು. ಅಳಿಸಬಹುದಿತ್ತು. ಆದರೆ ಅಳಿಸಲು ಹೋಗಿ ಪದವೇ ಅಳಿದರೆ? ಆ ಟೇಪಿನ ಹತ್ತಿರ ಒಂದು ಗುಂಡಿ ಮುಟ್ಟಲೂ ಅವನಿಗೆ ಧೈರ್ಯವಾಗಲಿಲ್ಲ.

ಮಾಘ ಬಂತು. ಕ್ಲಬ್ಬಿನ ರೆಕಾರ್ಡರನ್ನು ಒಬ್ಬನೇ ಒಯ್ಯಲು ಚನಬಸಪ್ಪ ಬಿಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ತಾನೇ ಬಸ್ಸಿನಲ್ಲಿ ಚಿಗಳ್ಳಿಗೆ ಬಂದ. ಅಂಗಳದ ತುಂಬ ಹೆಣ್ಣುಮಕ್ಕಳು, ನಡುವೆ ಬೀಸುಕಲ್ಲು. ದನಿಯಿಲ್ಲದ ಮುದಕವ್ವ ಗೂಟ ಹಿಡಿದು ಕೂತಿದ್ದಳು. ಮಲಕಪ್ಪ ಟೇಪನ್ನು ಬೆರಳಿನಿಂದ ಎರಡು ಸುತ್ತು ಮುಂದೆ ಸರಿಸಲು ಕೈ ಹಾಕಿದ. ಚನಬಸಪ್ಪ ಕೈಗೊಂದು ಏಟು ಕೊಟ್ಟ. "ಕ್ಲಬ್ಬಿನ ಮಶೀನು. ನಾ ಹಚ್ಚತೀನಿ."

ಹಚ್ಚಿದ.

"ಫೂ. ಟಪ್."

ಮಲಕಪ್ಪ ನೆಲ ನೋಡಿದ. ಹೊರಗಿನ ಮುದಕವ್ವ ಕಲ್ಲು ತಿರುವಿದಳು, ಟೇಪಿನಲ್ಲಿಲ್ಲದ ಮೊದಲ ನುಡಿಯನ್ನು ಹೆಂಗಸರೇ ಹಾಡಿದರು, ಪೆಟ್ಟಿಗೆಯೊಳಗಿನ ಮುದಕವ್ವ ಎರಡನೆಯದನ್ನು ಎತ್ತಿಕೊಂಡಳು, ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದರು. ಚನಬಸಪ್ಪ ಒಬ್ಬನೇ ಪದ ಕೇಳಲಿಲ್ಲ. ಹತ್ತು ನುಡಿ ಕಳೆದ ಮೇಲೆ ಮಲಕಪ್ಪನ ಕಿವಿಯ ಹತ್ತಿರ ಬಾಗಿದ.

"ಇದು ನಾ ಊದೂದಕ್ಕಿಂತ ಮದಲಿಂದೋ, ಆಮ್ಯಾಲಿಂದೋ?"

ಮಲಕಪ್ಪನಿಗೆ ಓಡಲು ಜಾಗವಿರಲಿಲ್ಲ, ಮರೆಗೆ ಹುಲ್ಲಿನ ಚಕ್ಕಡಿಯೂ ಇರಲಿಲ್ಲ. ಬದುಕಿನಲ್ಲಿ ಮೊದಲ ಸಲ ಒಬ್ಬನ ಮುಖ ನೋಡಿ ಮಾತಾಡಿದ.

"ಮದಲಿಂದ್ರಿ. ನಾನ ಹರದೀನ್ರಿ. ನೀವು ಸತ್ತ ಮೈಕಿಗೆ ಊದೀರಿ."

ಚನಬಸಪ್ಪ ಮೂರು ತಿಂಗಳಿಂದ ಬಿಗಿಹಿಡಿದ ಉಸಿರನ್ನು ಒಮ್ಮೆಲೇ ಬಿಟ್ಟ.

"ನಿದ್ದಿಲ್ಲೋ ಮಾರಾಯಾ ನನಗ," ಎಂದ. "ರಾಜೀನಾಮೆ ಬರದು ಕಿಸೇದಾಗ ಇಟ್ಟಕೊಂಡು ಅಡ್ಡಾಡಾಕತ್ತೀನಿ." ತೆಗೆದು ತೋರಿಸಿದ. ಅಲ್ಲಿಯೇ ಹರಿದ. ತುಂಡುಗಳನ್ನು ಕೆಂಚವ್ವ ಆರಿಸಿ ಸೆರಗಿಗೆ ಕಟ್ಟಿಕೊಂಡಳು. ಬುಟ್ಟಿಗೆ ಆದೀತು ಎಂದು. ಮೈಕಿನ ತಪ್ಪನ್ನು ಇಬ್ಬರೂ ಕೂಡಿ ಬರೆದುಕೊಟ್ಟರು, ಕ್ಲಬ್ಬಿನವರು ಇಬ್ಬರನ್ನೂ ಕೂಡಿಸಿಯೇ ಬೈದರು.

ಪದ ಹಿಡಿದ ದಿನ ಕಲ್ಲಿನಿಂದ ಬಂದ ಅರಿಷಿಣದ ಬಣ್ಣದ ಕಾಗದದಲ್ಲಿ ಕೆಂಚವ್ವ ಮಾಡಿದ ಹಳದಿ ಬುಟ್ಟಿಯಲ್ಲಿ ಆ ಟೇಪು ವರ್ಷಗಟ್ಟಲೆ ಇತ್ತು. ಚನಬಸಪ್ಪ ಮಶೀನು ತಂದು ಅದನ್ನು ಹಚ್ಚಿದಾಗಲೆಲ್ಲ ಮುದಕವ್ವ ಪಿಸುದನಿಯಲ್ಲಿ ತನ್ನದೇ ತಪ್ಪು ತೆಗೆಯುತ್ತಿದ್ದಳು: "ಇಪ್ಪತ್ತರಾಗ ಉಸಿರು ತಗೊಂಡೀನಿ, ನೀವು ತಗೋಬ್ಯಾಡ್ರಿ." ತಾಯವ್ವ ಕೇಳಿ ಕೇಳಿ ನಲವತ್ತೊಂದನ್ನೂ ಕಲಿತಳು.

೧೯೬೯ರಲ್ಲಿ ಆ ಮನೆಯಲ್ಲಿ ಇನ್ನೊಂದು ಮದುವೆ. ಈ ಸಲ ಮಶೀನು ಬೇಕಾಗಲಿಲ್ಲ. ತಾಯವ್ವ ಗೂಟ ಹಿಡಿದಳು, ಹೆಂಗಸರು ಸುಮ್ಮನಾದರು, ಮಲಕಪ್ಪ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ. ತಾಯವ್ವ ಕಲ್ಲಿನ ಕಡೆ ಬಾಗಿ, ಟೇಪಿನಲ್ಲಿ ಕಲಿತ ಹಾಗೆಯೇ, ಭಕ್ತಿಯಿಂದ ತುಟಿ ಮುಂದೆ ಮಾಡಿ "ಫೂ" ಎಂದು ಊದಿದಳು.

ಮಲಕಪ್ಪ ಬೆಚ್ಚಿಬಿದ್ದು ಅಂಗೈ ಅಡ್ಡ ಹಿಡಿದ. ಪದ ಹೊರಟಿತು.